ಏಡಿಯ ಪರವಾಗಿ ಒಂದು ಪಾಳಿ ನೀರು

ಅಮೆರಿಕದ ಸಣ್ಣ ಊರುಗಳ ಬಗ್ಗೆ ನನ್ನಷ್ಟು ತಿಳಿದವರು ಸಿಂಧನೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಸ್ಪರ್ಧೆಗೆ ಯಾರೂ ಬಂದಿಲ್ಲ! ಅಮೆರಿಕ ಹಾಗಿರಲಿ, ನಾನು ಹೈದರಾಬಾದಿನಾಚೆ ಹೋದವನಲ್ಲ. ಆದರೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು ಊರು ನೋಡಬೇಕೆಂದೇನಿಲ್ಲ, ಕಾದಂಬರಿ ಓದಿದರೆ ಸಾಕು.

ಲಿಂಗಸುಗೂರಿನ ವಿಚಾರ ಸಂಕಿರಣವೊಂದರಲ್ಲಿ ನಾನು ಪ್ರಬಂಧ ಮಂಡಿಸಬೇಕಿತ್ತು. ಅಮೆರಿಕದ ಸಣ್ಣ ಊರಿನ ಕಾದಂಬರಿಗಳನ್ನು ಪರಿಸರದ ಕಣ್ಣಿನಿಂದ ಓದುವುದು ಎಂಬುದು ವಿಷಯ. ಅಂದರೆ, ಕಥೆಯಲ್ಲಿ ಯಾರು ಯಾರನ್ನು ಮದುವೆಯಾದರು ಎಂಬುದನ್ನು ಬದಿಗಿಟ್ಟು, ಊರ ಹೊಳೆಗೆ ಏನಾಯಿತು, ಕಪ್ಪೆಗಳು ಎಲ್ಲಿ ಹೋದವು ಎಂದು ಕೇಳುವುದು. ಇದನ್ನು ಹೆಂಡತಿ ಸುಮಂಗಲಾಗೆ ಸವಿಸ್ತಾರವಾಗಿ ವಿವರಿಸಿದೆ.

"ಕಪ್ಪಿ ಎಲ್ಲಿ ಹೋದ್ರ ನಿಮಗೇನ್ರಿ? ಗ್ಯಾಸ್ ಸಿಲಿಂಡರ್ ಎಲ್ಲಿ ಹೋತು ಅಂತ ಕೇಳ್ರಿ. ಬುಕ್ ಮಾಡಿ ವಾರ ಆತು!" ಎಂದಳು.

ಸಂಕಿರಣ ಇನ್ನೇನು ಹತ್ತಿರ ಬಂತು ಎನ್ನುವಾಗ ಮಸ್ಕಿಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ದಿನವೇ ವಳಕಮದಿನ್ನಿಯ ಮಾವನ ಮನೆಗೆ ಬಂದು ಸೇರಿದ್ದೆವು. ಬೆಳಿಗ್ಗೆ ಎಲ್ಲರೂ ಹೊರಡುವಾಗ ನಾನು ಗಂಭೀರವಾಗಿ, "ನನಗ ಓದೂದು ಭಾಳ ಐತಿ, ನೀವು ಹೋಗಿ ಬರ್ರಿ" ಎಂದೆ. ಮಾವನ ಮುಖ ಅರಳಿತು. ನನ್ನ ವಿದ್ಯೆಯ ಮೇಲಿನ ಗೌರವ ಎಂದುಕೊಂಡೆ. ಅಲ್ಲ! ಅಂದು ಕಾಲುವೆ ನೀರಿನ ಪಾಳಿ ಅವರದು.

"ಹಂಗಾದ್ರ ಛಲೋ ಆತು ಅಳಿಯಂದ್ರ. ಓದೂದು ಒಡ್ಡಿನ ಮ್ಯಾಲೂ ಆಗತೈತಿ" ಎಂದು ಕೈಗೆ ಸಲಿಕೆ ಕೊಟ್ಟರು. "ಮಧ್ಯಾಹ್ನದ ಮಟ ನೀರು ನಮ್ಮದು. ಸಸಿ ಮಡಿ ತುಂಬಬೇಕು. ಈ ಪಾಳಿ ತಪ್ಪಿದ್ರ ಸಸಿ ಒಣಗ್ತಾವ, ನಾಟಿ ಕೆಡತೈತಿ. ಎಲ್ಲ್ಯಾರ ಸೋರಿದ್ರ ಒಂದ್ ಸಲಿಕಿ ಮಣ್ಣು ಹಾಕ್ರಿ, ಅಷ್ಟ."

ಮದುವೆಯಾದಾಗಿನಿಂದ ಮಾವ ನನಗೆ ಹೊಲದ ಕೆಲಸ ಹೇಳಿದ್ದು ಅದೇ ಮೊದಲು. ಎದೆ ಉಬ್ಬಿತು. ಮಣ್ಣು ಹಾಕುವುದು ತಾನೆ? ಶೆಲ್ಲಿಯಂಥ ಕಷ್ಟದ ಕವಿಗಳನ್ನೇ ಮಕ್ಕಳ ತಲೆಗೆ ಹಾಕಿದವನು ನಾನು!

ಬದುವಿನ ಮೇಲೆ ಟವೆಲ್ ಹಾಸಿ ಕೂತೆ. ನೀರು ಜುಳುಜುಳು ಎಂದು ಮಡಿಗೆ ಇಳಿಯುತ್ತಿತ್ತು. ಕಾದಂಬರಿ ತೆರೆದೆ. ಒಂದು ಪುಟ್ಟ ಅಮೆರಿಕನ್ ಊರು, ಒಂದೇ ಬೀದಿ. ಊರವರು ಜೌಗು ನೆಲ ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡಲು ಹೊರಟಿದ್ದಾರೆ. ಅಲ್ಲಿನ ಕಪ್ಪೆಗಳಿಗಾಗಿ ವಿಧವೆಯೊಬ್ಬಳು ಬುಲ್ಡೋಜರಿಗೆ ಅಡ್ಡ ನಿಂತಿದ್ದಾಳೆ. ನನ್ನ ಕಣ್ಣು ತುಂಬಿತು.

ಕಣ್ಣೊರೆಸಿಕೊಳ್ಳುವಾಗ ಕಂಡಿತು, ಬದುವಿನಲ್ಲಿ ಒಂದು ಬಿಲ. ಅದರೊಳಗಿಂದ ಸಣ್ಣಗೆ ನೀರು ಕೆಳಗಿನ ಹನುಮಂತಪ್ಪನ ಗದ್ದೆಗೆ ಸೋರುತ್ತಿದೆ. ಮಾವನ ಮಾತು ನೆನಪಾಗಿ ಸಲಿಕೆ ತುಂಬ ಮಣ್ಣೆತ್ತಿದೆ. ಬಿಲದಿಂದ ಒಂದು ಏಡಿ ಹೊರಬಂದು ಎರಡೂ ಕೊಂಡಿ ಮೇಲೆತ್ತಿ ನನ್ನನ್ನೇ ನೋಡಿತು.

ಛೇ! ಅಲ್ಲಿ ವಿಧವೆಯ ಮುಂದೆ ಬುಲ್ಡೋಜರ್, ಇಲ್ಲಿ ಏಡಿಯ ಮುಂದೆ ನಾನು! ಲಿಂಗಸುಗೂರಿನಲ್ಲಿ ಯಾವ ಮುಖ ಹೊತ್ತು ಪ್ರಬಂಧ ಓದಲಿ? ಪರಿಸರದ ಹಿತದೃಷ್ಟಿಯಿಂದ ಸಲಿಕೆಯನ್ನು ಕೆಳಗಿಟ್ಟೆ. ಏಡಿ ಒಳಗೆ ಹೋಯಿತು. ನಾನು ಮುಂದಿನ ಅಧ್ಯಾಯಕ್ಕೆ ಹೋದೆ.

ಮಸ್ಕಿಯಿಂದ ಸುಮಂಗಲಾ ಫೋನ್ ಮಾಡಿದಳು. "ನೀರು ಹೊಂಟೈತೇನ್ರಿ?"

"ಹೊಂಟೈತಿ, ಸೊಗಸಾಗಿ ಹೊಂಟೈತಿ!"

"ಎಲ್ಲಿಗೆ ಹೊಂಟೈತಿ?"

ಆಗ ತಿರುಗಿ ನೋಡಿದೆ. ಅಯ್ಯಯ್ಯೋ! ಬೆರಳು ಹಿಡಿಸುತ್ತಿದ್ದ ಬಿಲದಲ್ಲಿ ಈಗ ಕೊಡ ಹಿಡಿಸುತ್ತಿತ್ತು. "ಆಮ್ಯಾಲೆ ಮಾಡ್ತೀನಿ" ಎಂದು ಫೋನಿಟ್ಟು ಎದ್ದೆ. ನಾನು ಎದ್ದ ರಭಸಕ್ಕೋ ಏನೋ, ಬದು ಕುಸಿದೇ ಬಿಟ್ಟಿತು.

ಮಣ್ಣು ಹಾಕಿದೆ, ಕೊಚ್ಚಿಕೊಂಡು ಹೋಯಿತು. ಇನ್ನೊಂದು ಸಲಿಕೆ ಹಾಕಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಟವೆಲ್ ತುರುಕಿದೆ, ಬುತ್ತಿಯ ಗಂಟು ತುರುಕಿದೆ. ರೊಟ್ಟಿ ಸಮೇತ ಹನುಮಂತಪ್ಪನ ಪಾಲಾದವು! ಕೊನೆಗೆ ನನ್ನ ಬಳಿ ಉಳಿದ ದೊಡ್ಡ ವಸ್ತು ನಾನೇ. ಪ್ಯಾಂಟು ಮಡಚಿ, ದೇವರನ್ನು ನೆನೆದು, ಒಡೆದ ಜಾಗದಲ್ಲಿ ಕೂತುಬಿಟ್ಟೆ. ನೀರು ನಿಂತಿತು! "ಭಲೇ!" ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟರಲ್ಲಿ ಏಡಿ ಕಚ್ಚಿತು. ಕೂರಬಾರದ ಜಾಗದಲ್ಲಿ ಕೂತವನಿಗೆ ಕಚ್ಚಬಾರದ ಜಾಗದಲ್ಲೇ ಕಚ್ಚಿತು.

ನನ್ನ ಕೂಗಿಗೆ ಹನುಮಂತಪ್ಪ ಓಡಿ ಬಂದ. ನೀರಿನ ವಿಷಯದಲ್ಲಿ ಅವನಿಗೂ ಮಾವನಿಗೂ ಎಂದೂ ಸರಿಹೋದದ್ದಿಲ್ಲ.

"ಯಾಕ್ರಿ ಸರ, ಝಳಕ ಮಾಡಾಕತ್ತೀರೇನು?"

"ಇಲ್ಲಪ್ಪ, ನೀರು ತಡಿಯಾಕತ್ತೀನಿ!"

ಅವನು ನಕ್ಕೂ ನಕ್ಕೂ ಹುಲ್ಲಿನ ಕಟ್ಟು ತಂದು, ನನ್ನನ್ನು ಎಬ್ಬಿಸಿ, ಅಲ್ಲಿ ಅದನ್ನಿಟ್ಟು ಮಣ್ಣು ಮೆತ್ತಿದ. ಬದು ನಿಂತಿತು. ಆದರೆ ಅಷ್ಟರಲ್ಲಿ ನಮ್ಮ ಪಾಳಿ ಮುಗಿದು, ಮೇಲೆ ತೂಬು ಮುಚ್ಚಿದ್ದರು. ಹನುಮಂತಪ್ಪನ ಗದ್ದೆ ಕೆರೆಯಾಗಿತ್ತು. ನಮ್ಮ ಸಸಿ ಮಡಿಯ ತುದಿಯಷ್ಟೇ ನೆನೆದಿತ್ತು.

ಮದುವೆ ಊಟ ಮುಗಿಸಿ ಬಂದ ಮಾವ ಮಡಿಯ ಸುತ್ತ ಒಮ್ಮೆ ನಡೆದರು. ಬಗ್ಗಿ ಒಂದು ಸಸಿಯನ್ನು ಮುಟ್ಟಿ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಡಿಯ ಕಥೆಯನ್ನೆಲ್ಲ ನನ್ನ ಬಾಯಿಂದಲೇ ಕೇಳಿ, ಆ ಕೊರತೆಯನ್ನು ಸುಮಂಗಲಾ ನೀಗಿಸಿದಳು. "ಏಡಿ ಮನಿ ಉಳಿಸಾಕ ಹೋಗಿ ಮಾವನ ಮನಿ ತೊಳದ್ರಿ! ಊರಿಗೆ ಉಪಕಾರಿ, ಮನಿಗೆ ಮಾರಿ ಅಂದ್ರ ನೀವ ನೋಡ್ರಿ!"

"ತಪ್ಪಾತು ಮಾವ" ಎಂದೆ. ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಬೇರೆ ಮಾತು ಹೊಳೆಯಲಿಲ್ಲ.

ಅಲ್ಲೇ ಬದುವಿನ ಮೇಲೆ ನಿಂತಿದ್ದ ಹನುಮಂತಪ್ಪ ಮುಂದೆ ಬಂದ. "ಯಜಮಾನ್ರ, ನಿಮ್ಮ ಪಾಳಿ ನೀರು ನಾ ಉಂಡೀನಿ. ಸುಳ್ಳು ಯಾಕ ಹೇಳ್ಲಿ? ನಾಳಿನ ಪಾಳಿ ನಂದು, ಅದು ನಿಮಗಿರ್ಲಿ. ಆದ್ರ ಒಂದು ಕರಾರು."

"ಏನಪ್ಪ?"

"ಅಳಿಯಂದ್ರನ್ನ ಕಾವಲಿಗೆ ಕೂಡಸಬಾರದು."

"ಖರೆ ಮಾತು!" ಎಂದರು ಮಾವ. ನೀರಿನ ವಿಷಯದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲಂತೆ! ಒಡೆದ ಊರನ್ನು ನಿಸರ್ಗವೇ ಒಂದುಗೂಡಿಸುತ್ತದೆ ಎಂದು ನನ್ನ ಪ್ರಬಂಧದಲ್ಲಿ ಬರೆದಿದ್ದೆ. ವಳಕಮದಿನ್ನಿಯಲ್ಲಿ ಆ ಕೆಲಸ ನನ್ನ ದಡ್ಡತನದಿಂದಲೇ ಆಯಿತು.

ಮರುದಿನ ನೀರು ಬಂತು, ಸಸಿಗಳು ತಲೆ ಎತ್ತಿದವು. ನನಗೆ ಬೇವಿನ ಮರದ ಕೆಳಗೆ ಹೊರಸು ಹಾಕಿ, ಕೈಗೆ ಕಾದಂಬರಿ ಕೊಟ್ಟು ಗೌರವದಿಂದ ಮಲಗಿಸಿದರು. ನೀರು ಕಾಯಲು ಮಾವ ಒಬ್ಬರೇ ಸಾಕಾಗಿತ್ತು. ನನ್ನನ್ನು ಕಾಯಲು ಅತ್ತೆ, ಹೆಂಡತಿ ಇಬ್ಬರೂ ಬೇಕಾದರು!