ಅತ್ತೆ ವಕೀಲರ ಮನೆ ನೋಡಲು ಹೋದದ್ದು

ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಹಿದುಕಿ ಬೇಳೆಯನ್ನು ಪಾತ್ರೆಗೆ ಹಾರಿಸುತ್ತಾ ಕೂತಿದ್ದಾಗ ಫೋನು ಬಂತು. ನಮ್ಮ ಸೋದರತ್ತೆಗೆ ಐರ್ಲೆಂಡ್ ದೇಶದವರು ವೀಸಾ ಕೊಡುವುದಿಲ್ಲ ಅಂದುಬಿಟ್ಟರಂತೆ. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಅಯ್ಯೋ ಅನ್ನಿಸಿದ್ದು ಆ ದೇಶದ ಬಗ್ಗೆ. ಯಾರಿಗೆ ಇಲ್ಲ ಅಂದಿದ್ದೇವೆ ಅಂತ ಪಾಪ ಅವರಿಗೇನು ಗೊತ್ತು?

ನಮ್ಮತ್ತೆಗೆ ಇಲ್ಲ ಅಂದವರು ಬಂಗಾರಪೇಟೆಯಲ್ಲಿ ಯಾರೂ ಇಲ್ಲ. ಹಿಂದೆ ಇದ್ದಿರಬಹುದು, ಆಮೇಲೆ ಹೂಂ ಅಂದಿರುತ್ತಾರೆ. ಗಂಡು ಹೆಣ್ಣು ಕೂಡಿಸುವುದು ಅವಳ ಬದುಕಿನ ಕೆಲಸ. ಕೂಲಿಗಲ್ಲ, ಖುಷಿಗೆ. ಬಂಗಾರಪೇಟೆಯ ಅರ್ಧ ಮದುವೆಗಳನ್ನು ಅವಳು ಮಾಡಿಸಿದ್ದಾಳೆ, ಉಳಿದ ಅರ್ಧವನ್ನು ತಪ್ಪಿಸಲು ನೋಡಿ ಸೋತಿದ್ದಾಳೆ. ಅವಳು ಇವಳು ಅನ್ನುತ್ತೇನೆಂದು ನೀವು ತಪ್ಪು ತಿಳಿಯಬೇಡಿ. ಬಹುವಚನ ಹಚ್ಚಿದರೆ, "ನಾನೇನು ಬ್ಯಾಂಕ್ ಮೇನೇಜರಾ?" ಎಂದು ಅವಳೇ ಮುಖ ತಿರುಗಿಸುತ್ತಾಳೆ.

ಅವಳಿಗೆ ಒಬ್ಬಳೇ ಮಗಳು. ಐರ್ಲೆಂಡಿನಲ್ಲಿ ವಯಸ್ಸಾದವರ ಆರೈಕೆ ಮಾಡುವ ಒಂದು ಮನೆಯಲ್ಲಿ ನರ್ಸು. ಅಳಿಯ ಅಲ್ಲಿಯೇ ಬಸ್ಸು ಓಡಿಸುತ್ತಾನೆ. ಎರಡು ಬಸಿರು ನಿಲ್ಲದೆ ಹೋದ ಮೇಲೆ ಈಗ ಮೂರನೆಯದಕ್ಕೆ ಐದು ತುಂಬಿ, ಹಾಸಿಗೆಯಿಂದ ಏಳಲೇಬಾರದೆಂದು ಡಾಕ್ಟರು ಹೇಳಿದ್ದಾರೆ. ಅಳಿಯ ಬಸ್ಸು ಓಡಿಸುವನೋ, ಹೆಂಡತಿಗೆ ಗಂಜಿ ಕಾಸುವನೋ? ಅತ್ತೆ ಹೋಗಲೇಬೇಕು. ಹೋಗಿ ಬಾಣಂತನ ಮುಗಿಸಿಕೊಂಡು ಬರಬೇಕು. ಅದಕ್ಕೆಂದು ಅಳಿಯ ಹಾಕಿಸಿದ ಅರ್ಜಿಗೆ ಬಂದ ಉತ್ತರ ಏನೆಂದರೆ, ಈ ಹೆಂಗಸು ಬಂದ ಮೇಲೆ ವಾಪಸ್ಸು ಹೋಗುವಳೆಂಬ ನಂಬಿಕೆ ನಮಗಿಲ್ಲ ಅಂತ.

"ನಾನು ವಾಪಸ್ ಬರಲ್ಲ ಅಂತ ಬರ್ದವ್ರೆ ಕಣೇ," ಅಂದಳು ಅತ್ತೆ ಫೋನಿನಲ್ಲಿ. "ಅಲ್ಲೇ ಕುಂತ್ಕೊಂಡು ನಾನೇನು ಮಾಡ್ಲಿ? ಬಿಸಿಲೇ ಇಲ್ವಂತೆ ಆ ಊರಾಗೆ. ಅಪ್ಪಳ ಒಣಗಲ್ಲ."

ಎರಡು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ವೀಸಾ ಕೆಲಸ ತಿಳಿದ ಒಳ್ಳೆಯ ವಕೀಲರನ್ನು ಹಿಡಿಯಿರಿ, ನಾಲ್ಕು ಹೆಸರು ಕಳಿಸುತ್ತೇನೆ ಎಂದನಂತೆ ಅಳಿಯ. ಅದಕ್ಕೆ ಅತ್ತೆ, "ಎಸ್ರು ಬ್ಯಾಡಪ್ಪ, ಅವ್ರ ಮನೆ ಎಲ್ಲೈತೆ ಅಂತ ಕಳ್ಸು," ಅಂದಳಂತೆ.

ಇದು ನಿಮಗೆ ಅರ್ಥವಾಗಬೇಕಾದರೆ ಅತ್ತೆಯ ಪದ್ಧತಿ ಗೊತ್ತಿರಬೇಕು. ಗಂಡಿನ ಓದು, ಕೆಲಸ, ಜಾತಕ ಯಾವುದನ್ನೂ ಅವಳು ನೆಚ್ಚುವುದಿಲ್ಲ. ಹೇಳದೆ ಕೇಳದೆ ಅವನ ಮನೆಗೆ ಹೋಗುತ್ತಾಳೆ, ಅದೂ ಅವನಿಲ್ಲದ ಹೊತ್ತು ನೋಡಿ. ಅಡುಗೆಮನೆಯ ವಾಸನೆ ನೋಡುತ್ತಾಳೆ. ಮನೆಯಲ್ಲಿ ಮುದುಕರಿದ್ದರೆ ಅವರು ಎಲ್ಲಿ ಮಲಗುತ್ತಾರೆಂದು ನೋಡುತ್ತಾಳೆ. ನೀರು ಕೇಳಿ, ಕೊಡುವ ಲೋಟ ನೋಡುತ್ತಾಳೆ. ಅಷ್ಟೇ. ಆ ಲೋಟದಿಂದ ಏನು ತಿಳಿಯುತ್ತದೋ ಆ ವೆಂಕಟರಮಣಸ್ವಾಮಿಗೇ ಗೊತ್ತು. ಈಗ ವಕೀಲರನ್ನೂ ಹೀಗೇ ಆರಿಸುವವಳಿದ್ದಳು. ಜೊತೆಗೆ ಹೋಗಲು ಪಕ್ಕದ ಊರು ಉರಿಗಾಂನಲ್ಲಿ ನಾನೊಬ್ಬಳು ಬಿಟ್ಟಿ ಸಿಕ್ಕಿದ್ದೆನಲ್ಲ.

ಮೊದಲನೆಯವರು ಬೆಂಗಳೂರಿನವರು. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ದೇವರು ದೊಡ್ಡವನು. ಅಳಿಯ ಕಳಿಸಿದ್ದು ಆಫೀಸಿನ ವಿಳಾಸ. ಅಲ್ಲಿ ಗಾಜಿನ ಬಾಗಿಲು, ಮೈ ಜುಮ್ಮೆನ್ನುವ ಏಸಿ. ಅತ್ತೆ ಚಪ್ಪಲಿಯನ್ನು ಹೊರಗೆ ಬಿಟ್ಟು ಕೈಮುಗಿದು ಒಳಗೆ ಹೋದಳು. ಟೈ ಕಟ್ಟಿದ ವಕೀಲರು ಕಾಗದ ನೋಡಿ, ಕೇಸು ಚೆನ್ನಾಗಿದೆ, ಇಲ್ಲಿ ಸಹಿ ಮಾಡಿ ಅಂದರು.

"ಮನೆ ಎಲ್ಲಪ್ಪ ನಿಂದು?" ಅಂದಳು ಅತ್ತೆ.

"ಆಫೀಸ್ ಇದೇ ಮೇಡಂ."

"ಆಪೀಸು ಕಾಣ್ತಾ ಐತಲ್ಲ. ಮನೆ?"

"ಯಾಕೆ ಮೇಡಂ?"

"ಬಂದು ನೋಡ್ಬೇಕಲ್ಲಪ್ಪ. ಅಮ್ಮ ಮನೇಲಿರ್ತಾರಾ?"

ಅವರು ಬೆಲ್ಲು ಒತ್ತಿದರು. ಬಂದವನು ನಮ್ಮನ್ನು ಬಹಳ ಮರ್ಯಾದೆಯಿಂದ ಹೊರಗೆ ಕರೆದುಕೊಂಡು ಹೋದ. ಚಪ್ಪಲಿ ಬಿಟ್ಟಲ್ಲೇ ಇದ್ದವು, ಅದೂ ಒಂದು ಪುಣ್ಯ. "ಮನೆ ತೋರ್ಸಲ್ಲ ಅನ್ನೋ ಗಂಡಿಗೆ ನಾನು ಇಷ್ಟು ವರ್ಷದಾಗೆ ಒಂದು ಎಣ್ಣು ಕೊಡ್ಸಿಲ್ಲ," ಅಂದಳು ಅತ್ತೆ ಮೆಟ್ಟಿಲಿಳಿಯುತ್ತಾ.

"ನಾವು ಹೆಣ್ಣು ಕೊಡೋಕೆ ಬಂದಿರಲಿಲ್ಲ ಅತ್ತೆ, ಕೇಸು ಕೊಡೋಕೆ ಬಂದಿದ್ದು."

"ಕೇಸೇನು ಎಣ್ಣಿಗಿಂತ ಕಮ್ಮಿಯಾ? ಕೊಟ್ಮೇಲೆ ಅವ್ನು ಎಂಗೆ ನೋಡ್ಕೋತಾನೋ ನಾವು ಅಂಗೇ ಇರ್ಬೇಕು."

ವಾದ ಮಾಡಿ ನನಗೆ ಅಭ್ಯಾಸವಿಲ್ಲ. ಸುಮ್ಮನೆ ರೈಲು ಹತ್ತಿದೆ.

ಎರಡನೆಯವನು ವಕೀಲನಲ್ಲ, ವಕೀಲರಿಗಿಂತ ಹೆಚ್ಚು ಅಂದುಕೊಂಡವನು. ಬಂಗಾರಪೇಟೆಯಲ್ಲೇ ಅಂಗಡಿ, ಬೋರ್ಡಿನ ಮೇಲೆ ವಿಮಾನದ ಚಿತ್ರ. ಎಂಥ ವೀಸಾ ಆದರೂ ಗ್ಯಾರಂಟಿ. "ನಿಮಗೆ ಮೂರಂತಸ್ತಿನ ಮನೆ ಇದೆ ಅಂತ ಪತ್ರ ಮಾಡಿಸಿ ಹಾಕೋಣ ಅಮ್ಮಾ, ವಾಪಸ್ ಬರ್ತೀರ ಅಂತ ನಂಬ್ತಾರೆ," ಅಂದ.

"ಮೂರಂತಸ್ತಾ?" ಅತ್ತೆಗೆ ಗಾಬರಿ. "ನಂಗೆ ಮಂಡಿ ನೋವು. ಕೆಳಗಿಂದೇ ಸಾಕಪ್ಪ."

ಆದರೂ ಅವನ ಮಾತು ಸಿಹಿಯಾಗಿತ್ತು, ಟೀ ಕೂಡ ತರಿಸಿದ್ದ. ಮನೆ ನೋಡಿ ಒಪ್ಪಿಗೆ ಹೇಳೋಣವೆಂದು ಹಾಲಿನವನ ಹತ್ತಿರ ವಿಳಾಸ ಕೇಳಿಕೊಂಡು ಮಾರನೆಯ ಬೆಳಗ್ಗೆಯೇ ಹೋದೆವು. ನೋಡಿದರೆ ಜಗಲಿಯ ತುಂಬ ಜನ. ಹೆಂಗಸರು, ಗಂಡಸರು, ಊಟದ ಡಬ್ಬಿ ತಂದವರು ಬೇರೆ. ಅತ್ತೆಗೆ ಆದ ಸಂತೋಷ ಹೇಳತೀರದು. "ನೋಡ್ದೇನೇ, ಎಷ್ಟು ಬಂಧು ಬಳಗ ಐತೆ ಇವನ್ಗೆ," ಎಂದು ಅವರ ನಡುವೆಯೇ ಜಾಗ ಮಾಡಿಕೊಂಡು ಕೂತಳು. ಪಕ್ಕದಲ್ಲಿದ್ದ ಅಜ್ಜನನ್ನು ಕೇಳಿದಳು, "ನೀವು ತಾಯಿ ಕಡೆಯೋರಾ, ತಂದೆ ಕಡೆಯೋರಾ?"

"ಪಾಸ್‌ಪೋರ್ಟ್ ಕಡೆಯೋರಮ್ಮ," ಅಂದ ಅಜ್ಜ. "ಮೊಮ್ಮಗಂದು ಇಸ್ಕೊಂಡವ್ನೆ. ದೀಪಾವಳಿಯಿಂದ ಕಾಯ್ತಾ ಇವ್ನಿ. ಇವ್ರೆಲ್ಲಾನೂ ಅಷ್ಟೇ."

ಮನೆಗೆ ಬೀಗ ಬಿದ್ದಿತ್ತು. ಅತ್ತೆಯ ಪಾಸ್‌ಪೋರ್ಟ್ ಇನ್ನೂ ಅವಳ ಕೈಚೀಲದಲ್ಲೇ ಇತ್ತು. ಅಂದು ಸಂಜೆ ನಾನು ದೇವರಿಗೆ ಎರಡು ಊದುಬತ್ತಿ ಹೆಚ್ಚು ಹಚ್ಚಿದೆ. ಆದರೆ ಅತ್ತೆಯನ್ನು ಹಿಡಿಯುವವರಿರಲಿಲ್ಲ. "ಮನೆ ನೋಡ್ಬೇಕು ಅಂದಿದ್ದು ಯಾರು? ಏಳೇ, ಯಾರು?" ಎಂದು ರಸ್ತೆಯುದ್ದಕ್ಕೂ ನನ್ನನ್ನು ತಿವಿದದ್ದೇ ತಿವಿದದ್ದು.

ಅವಳ ಆ ಜಂಬ ಹೆಚ್ಚು ದಿನ ಉಳಿಯಲಿಲ್ಲ. ಮಗಳು ಫೋನು ಮಾಡಿದಳು. ಬೀಪಿ ಏರಿದೆಯಂತೆ, ಕಾಲು ಊದಿಕೊಂಡಿವೆಯಂತೆ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಅಮ್ಮ, ನೀನು ಬರ್ತೀಯ ಅಲ್ವಾ? ಈ ಸಲನೂ ಹಿಂದಿನ ಥರ ಆದ್ರೆ ನಾನೊಬ್ಳೇ ಇರ್ತೀನಮ್ಮ." ಅತ್ತೆ, "ಬತ್ತೀನಿ ಕಣಮ್ಮಿ, ಟಿಕೀಟು ಮಾಡ್ಸೋದೊಂದೇ ಬಾಕಿ," ಅಂದು ಫೋನು ಇಟ್ಟಳು. ಊಟಕ್ಕೆ ಕೂತವಳು ಮುದ್ದೆ ಮುರಿಯದೆ ಕೈ ತೊಳೆದಳು. ಮೇಲ್ಮನವಿಯ ಗಡುವು ಹತ್ತಿರ ಬರುತ್ತಿತ್ತು.

ಆಗ ನಮ್ಮ ಪಕ್ಕದ ಮನೆಯವರು ಹೇಳಿದರು, ಇಲ್ಲೇ ಹತ್ತಿರದ ಕೋರಮಂಡಲ್‌ನಲ್ಲಿ ಒಬ್ಬ ವಕೀಲ ಹುಡುಗಿ ಇದ್ದಾಳೆ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇದೇ ವೀಸಾ ಕೆಲಸ ಮಾಡುತ್ತಾಳೆ, ಕತ್ತಲಾಗುವ ಹೊತ್ತಿಗೆ ಮನೆಗೆ ಬರುತ್ತಾಳೆ ಅಂತ. ಕತ್ತಲಾದ ಮೇಲೆ ಹೋಗೋಣ ಅಂದೆ ನಾನು. "ಬೆಳಕಿದ್ದಾಗ್ಲೇ ಓಗಾಣ. ಅವ್ಳಿಲ್ದಾಗ ಮನೆ ನೋಡ್ಬೇಕು," ಅಂದಳು ಅತ್ತೆ. ಬರಿಗೈಯಲ್ಲಿ ಹೋಗಬಾರದೆಂದು ತಟ್ಟೆಯಲ್ಲಿ ಹೂವು, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡಳು. ಒಳ್ಳೆಯ ಕೆಲಸಕ್ಕೆಂದು ರೇಷ್ಮೆ ಸೀರೆಯನ್ನೂ ಉಟ್ಟಳು, ನನಗೂ ಉಡಿಸಿದಳು. ಅಲ್ಲಿಯೇ ಎಡವಟ್ಟಾಗಿದ್ದು.

ಚಿನ್ನದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ್ದ ಹಳೆಯ ಸಾಲುಮನೆ. ಬಾಗಿಲು ತೆರೆದ ತಾಯಿ ನಮ್ಮ ಸೀರೆ ನೋಡಿದರು, ತಟ್ಟೆ ನೋಡಿದರು, ಅವರ ಕಣ್ಣಲ್ಲಿ ದೀಪ ಹತ್ತಿಕೊಂಡಿತು. "ವಾಂಗಮ್ಮಾ, ವಾಂಗೋ," ಎಂದು ಒಳಗೆ ಕರೆದು, ತಮಿಳು ಕನ್ನಡ ಕಲಸಿ ಮಾತಾಡುತ್ತಾ ಚಾಪೆ ಹಾಸಿ, ಒಲೆಯ ಮೇಲೆ ಬಾಣಲೆ ಇಟ್ಟೇಬಿಟ್ಟರು. ರವೆ ಹುರಿಯುವ ಘಮ ಬಂತು. ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದಳು. ಅಡುಗೆಮನೆ ಪಾಸು.

"ಮಗ್ಳು ಎಂಗಮ್ಮ? ಕೋಪ ಗೀಪ ಐತಾ?"

"ಕೋಪವಾ? ಅದೆಲ್ಲ ಇಲ್ಲಮ್ಮ. ತಂಗಂ, ಚಿನ್ನ ನನ್ನ ಮಗಳು."

"ಇಡಿದ ಕೆಲ್ಸ ಮಧ್ಯದಾಗೆ ಬಿಟ್ಟೋಗಲ್ಲ ತಾನೆ?"

"ಸಾಯೋ ತನಕ ಬಿಡಲ್ಲ," ಅಂದರು ತಾಯಿ, ಕಣ್ಣೊರೆಸಿಕೊಳ್ಳುತ್ತಾ. ತುಪ್ಪ ತೇಲುವ ಕೇಸರಿಬಾತನ್ನು ಅತ್ತೆಯ ಮುಂದಿಟ್ಟು ಮೆಲ್ಲಗೆ ಕೇಳಿದರು, "ಹುಡುಗ ಏನು ಕೆಲಸ?"

ತನ್ನ ಅಳಿಯನ ಬಗ್ಗೆ ಕೇಳುತ್ತಿದ್ದಾರೆಂದುಕೊಂಡಳು ಅತ್ತೆ. "ಬಸ್ಸು ಓಡಿಸ್ತಾನೆ."

ತಾಯಿಯ ಮುಖ ಸ್ವಲ್ಪ ಸಪ್ಪಗಾಯಿತು.

"ಐರ್ಲೆಂಡಿನಾಗೆ."

ಮುಖ ಮತ್ತೆ ಅರಳಿತು. ಇನ್ನೊಂದು ಚಮಚ ಕೇಸರಿಬಾತು ಬಿತ್ತು. "ಗುಣ ಹೇಗಮ್ಮ?"

"ಅಪರಂಜಿ. ಎಂಡ್ತೀನ ಕಣ್ಣಾಗಿಟ್ಟು ನೋಡ್ಕೋತಾನೆ. ಈಗ ಅವ್ಳು ಬಸುರಿ, ಅನ್ನ ಕೂಡ ಅವನೇ ಮಾಡ್ತಾನೆ."

ಚಮಚ ಗಾಳಿಯಲ್ಲೇ ನಿಂತಿತು. ಆ ತಾಯಿ ಮೆಲ್ಲಗೆ ಕೈ ಚಾಚಿ, ಅತ್ತೆಯ ಮುಂದಿದ್ದ ಕೇಸರಿಬಾತಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ನನಗೆ ಆಗ ಎಲ್ಲಾ ಹೊಳೆಯಿತು, ಆದರೆ ನಗು ತಡೆಯುವುದರಲ್ಲಿ ಬಾಯಿ ಬಿಡಲಾಗಲಿಲ್ಲ. ಪುಣ್ಯಕ್ಕೆ ಅದೇ ಹೊತ್ತಿಗೆ ಮಗಳು ಬಂದಳು, ಹೆಗಲಲ್ಲೊಂದು ಚೀಲ, ಕೈಯಲ್ಲಿ ಸೊಪ್ಪಿನ ಕಟ್ಟು. ತಾಯಿ ತಮಿಳಿನಲ್ಲಿ ಪಟಪಟನೆ ದೂರು ಹೇಳಿದರು. ನಾನು ಕನ್ನಡದಲ್ಲಿ ಪಟಪಟನೆ ವಿಷಯ ಹೇಳಿದೆ. ಆ ಹುಡುಗಿ ಸೊಪ್ಪನ್ನು ನೆಲಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಾಡಿದ ಮೊದಲ ಕೆಲಸ, ತಟ್ಟೆಯನ್ನು ತಾಯಿಯ ಕೈಯಿಂದ ತೆಗೆದು ಅತ್ತೆಯ ಮುಂದೆ ವಾಪಸ್ಸು ಇಟ್ಟದ್ದು.

"ಇವ್ಳೇ," ಅಂದಳು ಅತ್ತೆ ನನ್ನ ಕಿವಿಯಲ್ಲಿ. "ಸಂಬಂಧ ಕುದುರ್ತು."

ಹುಡುಗಿ ಮುಖ ತೊಳೆದು ಬಂದು ಕಾಗದವನ್ನು ಎರಡು ಸಲ ಓದಿದಳು. "ಗ್ಯಾರಂಟಿ ಅಂತ ನಾನು ಹೇಳಲ್ಲಮ್ಮ. ಮಗಳ ಡಾಕ್ಟರ ಪತ್ರ ತರಿಸೋಣ, ಇದ್ದದ್ದನ್ನ ಇದ್ದ ಹಾಗೆ ಬರೆಯೋಣ. ನಿಮ್ಮ ಯಜಮಾನರು ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು ಅಲ್ಲೇ ಇದ್ದಾಳೆ. ಇನ್ನು ಇಲ್ಲಿಗೆ ಯಾಕೆ ವಾಪಸ್ ಬರ್ತೀರಿ ಅನ್ನೋದೇ ಅವರ ಪ್ರಶ್ನೆ. ನೀವೇ ಹೇಳಿ."

ಅತ್ತೆ ಶುರು ಮಾಡಿದಳು. ದೇವಸ್ಥಾನದ ಶನಿವಾರದ ಹೂವು ಅವಳದು. ಕರಿಬೇವಿನ ಗಿಡ ಬೇರೆಯವರ ಕೈಗೆ ಒಗ್ಗುವುದಿಲ್ಲ. ಹಿಂದಿನ ಮನೆಯವರ ಜೊತೆ ಮೋರಿಯ ಜಗಳ ಇನ್ನೂ ಮುಗಿದಿಲ್ಲ, ಈಗ ಬಿಟ್ಟರೆ ಅವರು ಗೆದ್ದಂತೆ. ರೈಲ್ವೆಯಲ್ಲಿರುವ ಒಬ್ಬ ಗಂಡಿಗೆ ಹೆಣ್ಣು ನೋಡುವುದು ಅರ್ಧಕ್ಕೆ ನಿಂತಿದೆ.

ಹುಡುಗಿ ನಗುನಗುತ್ತಲೇ ಬರೆದುಕೊಂಡಳು. "ಇದೆಲ್ಲ ಸರಿ ಅಮ್ಮ. ಮನುಷ್ಯರು ಯಾರಾದ್ರೂ ಇದ್ದಾರಾ? ನಿಮ್ಮನ್ನ ಬಿಟ್ಟಿರಕ್ಕಾಗದೋರು?"

ಅತ್ತೆ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು.

"ಇವ್ಳಿದಾಳಲ್ಲ. ನಮ್ಮಣ್ಣನ ಮಗ್ಳು."

"ಅಣ್ಣನ ಮಗಳನ್ನ ಅವರು ಅಷ್ಟು ಲೆಕ್ಕಕ್ಕೆ ತಗೊಳ್ಳಲ್ಲಮ್ಮ."

"ಅವ್ರು ತಗೊಳ್ದಿದ್ರೆ ಬಿಡ್ಲಿ ತಾಯಿ. ನಮ್ ಬೀದಿನಾಗೆ ನಾನು ಬಾಣಂತನ ಮಾಡ್ದೆ ಇರೋ ಮನೆ ಇಲ್ಲ. ಇವ್ಳದೊಂದು ಮಾತ್ರ ದೇವ್ರು ನನ್ ಕೈಗೆ ಕೊಡ್ಲಿಲ್ಲ. ಕೊಡ್ದಿದ್ರೆ ಓಗ್ಲಿ, ನಾನು ಬಿಟ್ಟಿಲ್ಲ. ತಿಂಗ್ಳಿಗೊಂದು ಶುಕ್ರವಾರ ಬಂದು ನೆತ್ತಿಗೆ ಹರಳೆಣ್ಣೆ ಒತ್ತಿ, ಬಿಸ್ನೀರು ಉಯ್ದು, ಸಾಂಬ್ರಾಣಿ ಹೊಗೆ ಹಾಕಿ ಓಗ್ತೀನಿ. ನಾನಲ್ಲೇ ಕುಂತ್ರೆ ಇವ್ಳಿಗ್ಯಾರು ಉಯ್ತಾರೆ? ಅಂಗಂತ ಬರಿ."

ಹುಡುಗಿಯ ಪೆನ್ನು ನಿಂತಿತು. ಆ ತಾಯಿ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಮುರುಗನ ಪಟ ನೋಡಿದೆ. ಮದುವೆಯಾದಾಗಿನಿಂದ ಆ ಶುಕ್ರವಾರಗಳನ್ನು ನಾನು ಅತ್ತೆಯ ನೂರೆಂಟು ಹುಚ್ಚುಗಳಲ್ಲಿ ಒಂದೆಂದುಕೊಂಡು, ಕಣ್ಣುರಿ ಅಂತ ಗೊಣಗಿಕೊಂಡೇ ತಲೆ ಬಗ್ಗಿಸಿದ್ದೆ. ಬಾಣಂತಿಗೆ ಎರೆಯುವ ಹಾಗೆ ನನಗೆ ಎರೆಯುತ್ತಿದ್ದಾಳೆಂದು ಒಂದು ದಿನವೂ ಅವಳು ಹೇಳಿರಲಿಲ್ಲ.

ಮೇಲ್ಮನವಿಯಲ್ಲಿ ಆ ಹುಡುಗಿ ಅದನ್ನು ಬರೆದಳೋ ಇಲ್ಲವೋ ನಾನು ಕೇಳಲಿಲ್ಲ. ವೀಸಾ ಬಂತು. ಅತ್ತೆ ಹೋದಳು, ಹೆರಿಗೆಗೆ ಮೊದಲೇ ತಲುಪಿದಳು. ಹೆಣ್ಣುಮಗು, ತಾಯಿ ಮಗು ಕ್ಷೇಮ. ಅಲ್ಲಿ ಬಿಸಿನೀರು ನಲ್ಲಿಯಲ್ಲೇ ಬರುತ್ತದೆ, ಆದರೆ ಅದಕ್ಕೆ ಹೊಗೆಯ ವಾಸನೆ ಇಲ್ಲ ಅನ್ನುವುದೊಂದೇ ಅವಳ ದೂರು. ಇವತ್ತು ಬೆಳಗ್ಗೆ ಫೋನಿನಲ್ಲಿ ಮಗುವನ್ನು ತೋರಿಸಿ, ನನ್ನ ತಲೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿ, "ಕೂದ್ಲು ಒಣಗೋಗೈತೆ. ಇವತ್ತು ಶುಕ್ರವಾರ. ನಾನು ಬರೋ ತನಕ ನೀನೇ ಒತ್ಕೋ ಓಗು," ಅಂದಳು.

ಹೂಂ ಅಂದು ಫೋನಿಟ್ಟೆ. ಹಿತ್ತಲಿಗೆ ಹೋಗಿ, ಹಂಡೆಗೆ ನೀರು ತುಂಬಿಸಿ, ಒಲೆಗೆ ಎರಡು ಸೌದೆ ಒಟ್ಟಿದೆ.