ಕರೆಂಟು ಕಾರಿನಲ್ಲಿ ಕಡಲಿಗೆ

ಮನೆಗೆ ಹೊಸ ಗಾಡಿ ಬಂದರೆ ಅದರ ಹಿಂದೆ ಒಂದಲ್ಲ ಒಂದು ಪೇಚಾಟವೂ ಬರುತ್ತದೆ. ನಮ್ಮ ಮನೆಗೆ ಬಂದದ್ದು ಕರೆಂಟಿನ ಕಾರು. ಪೇಚಾಟಗಳು ಸಾಲಾಗಿ ಬಂದವು.

ನಾನು ಬಸ್ಸಿನ ಡ್ರೈವರ್ ಆಗಿದ್ದವನು. ಹಾಸನ–ಮಂಗಳೂರು ಲೈನು. ಮಾತು ಕಡಿಮೆ. ಅದಕ್ಕೆ ಕಾರಣವಿದೆ. ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಜೀವಮಾನ ಕಳೆದಿದ್ದೇನೆ. ನಿವೃತ್ತಿಯ ದಿನ ಬಸ್ಸು ಡಿಪೋದಲ್ಲಿ ಉಳಿಯಿತು, ಬೋರ್ಡು ಮಾತ್ರ ಮನೆಗೆ ಬಂತು ಎಂದು ಹೆಂಡತಿ ಹೇಳುತ್ತಾಳೆ.

ಈ ಡ್ರೈವರನ ಹೆಂಡತಿಗೆ ಡೀಸೆಲ್ ವಾಸನೆ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಸಮುದ್ರ ತೋರಿಸುತ್ತೇನೆಂದು ನನ್ನ ಬಸ್ಸಿಗೇ ಹತ್ತಿಸಿದ್ದೆ. ಸಕಲೇಶಪುರದಲ್ಲಿ ಇಳಿದವಳು ಮತ್ತೆ ಹತ್ತಲಿಲ್ಲ. ಆಮೇಲೆ ಅವಳ ಪ್ರಪಂಚ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಮೂರೂ ಕಡೆ ನೆಂಟರಿದ್ದಾರೆ. ಅಲ್ಲಿಗೆ ಹೋಗುವಾಗಲೂ ಕಿಟಕಿಯ ಪಕ್ಕದ ಸೀಟು, ಮೂಗಿಗೆ ಸೆರಗು, ಕೈಯಲ್ಲಿ ನಿಂಬೆಹಣ್ಣು. ಲೈನಿನಿಂದ ಬರುವಾಗ ನಾನು ಮಂಗಳೂರಿನ ಮೀನು ತರುತ್ತಿದ್ದೆ. ಸಾರು ಬಡಿಸುತ್ತಾ ಹೇಳುತ್ತಿದ್ದಳು: “ಮೀನ್ಗೋಳು ಇಷ್ಟ್ ದೂರ ನಮ್ಮನೆಗೆ ಬತ್ತವೆ. ನಾನು ಒಂದ್ ದಿನ ಅವುಗಳ ಮನೆಗೆ ಓಗ್ಲಿಲ್ಲ.”

ಮಗಳು ಹಾಸನದಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಕಾರು ಕೊಂಡದ್ದು ಅವಳು. ನನ್ನ ಹೆಂಡತಿ ಅದರೊಳಗೆ ಕೂತು, ಮೂಗಿನ ಸೆರಗು ತೆಗೆದು, ದೀರ್ಘವಾಗಿ ಉಸಿರೆಳೆದುಕೊಂಡಳು. ವಾಸನೆಯೇ ಇಲ್ಲವಲ್ಲ ಎಂದಳು. ಇನ್ನೊಮ್ಮೆ ಮೂಸಿ ನೋಡಿ, “ಅಂಗಾರೆ ಸಮುದ್ರಕ್ಕೆ ಓಗಾನ” ಎಂದಳು.

ಅಷ್ಟು ದೂರ ಈ ಗಾಡಿಯಲ್ಲಿ ತಾನೂ ಹೋಗಿಲ್ಲ, ಮೊದಲು ಹತ್ತಿರದ ಊರುಗಳಿಗೆ ಹೋಗಿ ನೋಡೋಣ ಎಂದಳು ಮಗಳು. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಎಡಗಾಲು, ಎಡಗೈ

ಘಾಟಿ ಓಡಿಸಿದವನು ನಾನು. ಹಾಗಾಗಿ ನಾನೇ ಓಡಿಸುತ್ತೇನೆಂದೆ. ಮಗಳು ಬಡಾವಣೆಯ ಮೈದಾನಕ್ಕೆ ಕಾರು ತಂದಳು. ಯಾರು ಎಲ್ಲಿ ಕೂರಬೇಕೆಂದು ಮೊದಲೇ ಹೇಳಿದೆ. ವಾಂತಿ ಮಾಡುವವರಿಗೆ ಮುಂದಿನ ಸೀಟು. ಅದು ನನ್ನ ಬಸ್ಸಿನ ಕಾನೂನು. ಹೆಂಡತಿ ನಿಂಬೆಹಣ್ಣು ಹಿಡಿದು ಮುಂದೆ ಕೂತಳು. ಮಗಳು ಹಿಂದೆ.

ಸ್ಟಾರ್ಟ್ ಮಾಡುವುದು ಹೇಗೆ ಎಂದೆ. ಆಗಲೇ ಸ್ಟಾರ್ಟ್ ಆಗಿದೆ ಎಂದಳು ಮಗಳು. ಸದ್ದಿಲ್ಲ. ಸತ್ತ ಗಾಡಿ ಎಂದುಕೊಂಡು ಬಲಗಾಲು ಒತ್ತಿದೆ. ಹಾರಿತು. ಎಡಗಾಲು ಕ್ಲಚ್ಚು ಹುಡುಕಿತು. ಈ ಕಾರಿಗೆ ಕ್ಲಚ್ಚಿಲ್ಲ. ಕಾಲಿಗೆ ಸಿಕ್ಕಿದ್ದು ಬ್ರೇಕು. ಬಸ್ಸಿನ ಕ್ಲಚ್ಚು ತುಳಿಯುವ ಬಲದಲ್ಲಿ ತುಳಿದೆ. ನಿಂಬೆಹಣ್ಣು ಹೋಗಿ ಗಾಜಿಗೆ ಬಡಿಯಿತು.

ಮತ್ತೆ ಹೊರಟೆ. ಮತ್ತೆ ಎಡಗಾಲು. ಮತ್ತೆ ನಿಂಬೆಹಣ್ಣು. ಮುಂದಿನ ಸಲ ಎಡಗಾಲನ್ನು ಸೀಟಿನ ಕೆಳಗೆ ಮಡಚಿಕೊಂಡು ಓಡಿಸಿದೆ. ಚೆನ್ನಾಗಿಯೇ ಹೋಯಿತು. ವೇಗ ಬಂತು. ವೇಗ ಬಂದಾಗ ಗೇರು ಬದಲಿಸಬೇಕಲ್ಲ. ಎಡಗೈ ತಾನೇ ಹೋಗಿ ಗೇರು ಹಿಡಿದು ಎಳೆಯಿತು.

ಈ ಕಾರಿಗೆ ಗೇರೂ ಇಲ್ಲ. ನಾನು ಹಿಡಿದದ್ದು ಹೆಂಡತಿಯ ಮೊಣಕಾಲು.

ಅವಳು ಎದುರಿನ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದಳು: “ಬಿಡಿ. ಮಗ್ಳು ಹಿಂದ್ಗಡೆ ಕೂತವ್ಳೆ.”

ಅವತ್ತಿನಿಂದ ಕೀಲಿ ಮಗಳ ಕೈಗೆ ಹೋಯಿತು. ನಾನು ಹಿಂದಿನ ಸೀಟಿಗೆ.

ಅಕ್ಕನ ಬಲವಂತ

ಮೊದಲು ಹೋದದ್ದು ಹೊಳೆನರಸೀಪುರಕ್ಕೆ, ನನ್ನ ಅಕ್ಕನ ಮನೆಗೆ. ಮನೆಯ ಪ್ಲಗ್ಗಿನಲ್ಲಿ ಚಾರ್ಜ್ ಹೇಗೆ ಆಗುತ್ತದೆ ನೋಡೋಣ ಎಂದು ಮಗಳು ವೈರು ತಂದಿದ್ದಳು. ಅಕ್ಕನ ಅಡುಗೆಮನೆಯಲ್ಲಿ ರುಬ್ಬುವ ಯಂತ್ರದ ಪ್ಲಗ್ಗು ಗಟ್ಟಿಯಾಗಿತ್ತು. ಅದಕ್ಕೆ ಸಿಕ್ಕಿಸಿ, ಕಿಟಕಿಯಿಂದ ವೈರು ಇಳಿಬಿಟ್ಟಳು.

ಎಷ್ಟು ಹೊತ್ತು ಬೇಕೆಂದು ಅಕ್ಕ ಕೇಳಿದಳು. ಎರಡು ಮೂರು ಗಂಟೆಯಾದರೂ ಬೇಕೆಂದಳು ಮಗಳು. ಅಕ್ಕ ಸೀದಾ ಹಿತ್ತಲಿಗೆ ಹೋಗಿ ಕೋಳಿ ಹಿಡಿದಳು.

“ಈ ಗಾಡಿ ವಾಸಿ ಕಣ್ಲಾ” ಎಂದಳು ನನಗೆ. “ನೀನು ಬಸ್ ಓಡ್ಸೋವಾಗ ಈ ಊರ್ಗೆ ಬಂದ್ರೆ ಒಂದ್ ಲೋಟ ನೀರ್ ಕುಡಿಯೋಕೂ ನಿಲ್ತಿರ್ಲಿಲ್ಲ. ಇದು ಗೂಟಕ್ಕೆ ಕರಾ ಕಟ್ಟಿಹಾಕ್ದಂಗೆ ಐತೆ. ಎಲ್ಗೋದೀಯ ಈಗ?”

ಎಲ್ಲಿಗೂ ಹೋಗಲಿಲ್ಲ. ಮುದ್ದೆ, ಕೋಳಿಸಾರು. ಸಾಕೆಂದರೂ ಇನ್ನೊಂದು ಮುದ್ದೆ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಮೇಲೆ ಸಾರು. ಅಷ್ಟರಲ್ಲಿ ಮಗಳು ಫೋನು ನೋಡಿ, ಗಾಡಿ ತುಂಬಿತು, ವೈರು ತೆಗೆಯೋಣ ಎಂದಳು.

“ಇನ್ನೊಸಿ ಇಕ್ಕು” ಎಂದಳು ಅಕ್ಕ.

ನೂರಾಗಿದೆ, ಇನ್ನು ಅದು ತಗೊಳ್ಳುವುದಿಲ್ಲ ಎಂದಳು ಮಗಳು.

“ಎಲ್ಲಾರೂ ಅಂಗೇ ಅಂತಾರೆ ಕಣಮ್ಮಿ. ನಾವು ಬಲವಂತ ಮಾಡ್ಬೇಕು.”

ಬೀದಿಯ ಕರೆಂಟು

ಸುದ್ದಿ ಅರಕಲಗೂಡಿಗೆ ಹೋಯಿತು. ಅಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಇದ್ದಾನೆ. ಫೋನಿನಲ್ಲಿ ಕುಶಲ ಕೇಳಲಿಲ್ಲ. “ಅಕ್ಕನ ಮನೆ ಕರೆಂಟ್ ಆಯ್ತಂತೆ. ನಮ್ಮನೇದು ರುಚಿ ಇಲ್ವಾ ಅಣ್ಣ?”

ನಮ್ಮ ಕಡೆ ಒಬ್ಬ ನೆಂಟನ ಮನೆಯಲ್ಲಿ ಉಂಡು ಇನ್ನೊಬ್ಬನ ಮನೆಯಲ್ಲಿ ಉಣ್ಣದಿದ್ದರೆ ಮಾತು ಬರುತ್ತದೆ. ಈಗ ಕಾರಿಗೂ ಆ ನಿಯಮ ಬಂತು. ಹೊರಟೆವು.

ಷಡ್ಡಕ ಬೀದಿಯವರನ್ನೆಲ್ಲ ಕರೆದಿದ್ದ. ಜಗಲಿಯ ಮೇಲೆ ಕುರ್ಚಿ ಹಾಕಿಸಿದ್ದ. ತಾನೇ ಪ್ಲಗ್ಗು ಹಾಕುತ್ತೇನೆಂದು ವೈರು ತೆಗೆದುಕೊಂಡ. ಎಲ್ಲರನ್ನೂ ಒಮ್ಮೆ ನೋಡಿ ಸ್ವಿಚ್ಚು ಒತ್ತಿದ.

ಇಡೀ ಬೀದಿಯ ಕರೆಂಟು ಹೋಯಿತು.

ಅದು ಹೋಗುವ ಹೊತ್ತೇ ಆಗಿತ್ತು. ದಿನವೂ ಹೋಗುತ್ತಿತ್ತಂತೆ. ಆದರೆ ಅವತ್ತು ಯಾರೂ ಅದನ್ನು ಒಪ್ಪಲಿಲ್ಲ. ಧಾರಾವಾಹಿ ನಿಂತ ಮನೆಗಳಿಂದ ಹೆಂಗಸರು ಹೊರಗೆ ಬಂದರು. ಹಿಟ್ಟಿನ ಗಿರಣಿಯವನು ಮೈಯೆಲ್ಲ ಹಿಟ್ಟಾಗಿಸಿಕೊಂಡು ಬಂದ. ಎಲ್ಲರೂ ಕಾರನ್ನು ನೋಡಿದರು. ಒಬ್ಬ ಮುದುಕಿ, ಇಷ್ಟು ಚಿಕ್ಕ ಗಾಡಿಗೆ ಅದೆಂಥಾ ಹಸಿವು ಎಂದಳು. ಮಗಳು ಬ್ಯಾಟರಿಯ ವಿಷಯ ವಿವರಿಸತೊಡಗಿದಳು. ಯಾರೂ ಕೇಳಲಿಲ್ಲ. ಕೊನೆಗೆ ಬೇಸತ್ತು ವೈರು ಕಿತ್ತಳು.

ಆ ಗಳಿಗೆಯಲ್ಲೇ ಕರೆಂಟು ಬಂತು. ಇನ್ನು ವಿವರಿಸಿ ಉಪಯೋಗವಿರಲಿಲ್ಲ.

ಈಗಲೂ ಅರಕಲಗೂಡಿನಲ್ಲಿ ಕರೆಂಟು ಹೋದರೆ ಷಡ್ಡಕ ನನಗೆ ಫೋನು ಮಾಡುತ್ತಾನೆ. “ಅಣ್ಣ, ಕಾರು ಎಲ್ ನಿಲ್ಸಿದೀರಿ?”

ಬೀಗರ ತೆಂಗಿನಕಾಯಿ

ಚನ್ನರಾಯಪಟ್ಟಣದಲ್ಲಿರುವುದು ಬೀಗರು, ಮಗಳ ಮಾವ. ಕೊಬ್ಬರಿ ವ್ಯಾಪಾರ. ಮಾತು ನಾಜೂಕು, ಮುನಿಸೂ ನಾಜೂಕು.

ಅತ್ತೆ ಮಾವನಿಗೆ ತೊಂದರೆ ಕೊಡಬಾರದೆಂದು ಮಗಳು ಹೆದ್ದಾರಿಯ ಹೋಟೆಲಿನ ಮುಂದೆ ಚಾರ್ಜ್ ಮಾಡಿಸಿಕೊಂಡೇ ಹೋದಳು. ಹೋಗಿ ನೋಡಿದರೆ ಬೀಗರು ಪೋರ್ಟಿಕೋದಲ್ಲಿ ಹೊಸ ಪ್ಲಗ್ಗು ಹಾಕಿಸಿದ್ದಾರೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಹೂವು ಸಿಕ್ಕಿಸಿದ್ದಾರೆ.

ಗಾಡಿ ತುಂಬಿದೆ ಎಂದು ಹೇಳಬೇಕಾಯಿತು. ಬೀಗರು, ಹೋಟೆಲಿನಲ್ಲಿ ಆಯಿತೇ ಎಂದು ಕೇಳಿದರು, ಅಷ್ಟೆ. ಬೀಗಿತ್ತಿ ಹೂವನ್ನು ನೋಡಿದರು.

ಹೆಂಡತಿ ನನ್ನನ್ನೂ ಮಗಳನ್ನೂ ಪಕ್ಕಕ್ಕೆ ಕರೆದಳು. “ಓಗಿ, ಎಲ್ಲಾರ ಸುತ್ತಾಡ್ಸಿ ಅದ್ರ ಒಟ್ಟೆ ಖಾಲಿ ಮಾಡ್ಕಂಡ್ ಬನ್ನಿ. ಇಲ್ದಿದ್ರೆ ಬೀಗ್ರ ಮನೇಲಿ ಉಣ್ದೆ ಕೈ ತೊಳ್ಕಂಡ್ ಎದ್ದಂಗಾಗ್ತದೆ.”

ಶ್ರವಣಬೆಳಗೊಳದ ರಸ್ತೆಯಲ್ಲಿ ಹೋದೆವು. ಕಿಟಕಿ ತೆರೆದು ಏಸಿ ಹಾಕಿದೆವು. ದೀಪ ಹಾಕಿದೆವು. ಎದುರು ಬಂದ ಲಾರಿಯವನು ಹಗಲಲ್ಲಿ ದೀಪ ಏಕೆ ಎಂದು ಕೈಯಲ್ಲೇ ಕೇಳಿದ. ಅವನೂ ದೀಪ ಹಾಕಿಕೊಂಡೇ ಇದ್ದ.

ವಾಪಸು ಬಂದು ಗಾಡಿಗೆ ಹಸಿವಾಗಿದೆ ಎಂದೆವು. ಬೀಗರು ಪ್ಲಗ್ಗು ಹಾಕಿದರು. ಫೋನಿನಲ್ಲಿ ಅಂಕಿ ಒಂದು ಏರಿದಾಗ ಅವರ ಮುಖ ಅರಳಿತು. ಪೂರ್ತಿ ತುಂಬುವವರೆಗೆ ಊಟ, ಎಲೆ ಅಡಿಕೆ. ಹೊರಡುವಾಗ ಡಿಕ್ಕಿ ತೆಗೆಸಿ ತೆಂಗಿನಕಾಯಿ ತುಂಬಿಸಿದರು. ಸಾಲದೆಂದು ನನ್ನ ಕಾಲ ಬುಡಕ್ಕೂ ಒಂದು ಮೂಟೆ ಇಟ್ಟರು. ಗಾಡಿಯ ಹಿಂಭಾಗ ನೆಲಕ್ಕೆ ಬಾಗಿತು.

ಹಾಸನಕ್ಕೆ ಬಂದು ನೋಡಿದರೆ ಚಾರ್ಜು ಎಂದಿಗಿಂತ ಹೆಚ್ಚು ಇಳಿದಿತ್ತು. ಬೀಗರ ಕರೆಂಟು ಬೀಗರ ತೆಂಗಿನಕಾಯಿ ಹೊರುವುದಕ್ಕೆ ಸರಿಹೋಯಿತು.

ಸಕಲೇಶಪುರದ ಆಚೆ ನಮ್ಮವರು ಯಾರು?

ಸಮುದ್ರಕ್ಕೆ ದಿನ ಗೊತ್ತಾಯಿತು. ಹಿಂದಿನ ಭಾನುವಾರ ಮೂರೂ ಊರಿನವರು ಬುದ್ಧಿ ಹೇಳುವುದಕ್ಕೆ ನಮ್ಮ ಮನೆಗೆ ಬಂದರು.

ಮಗಳು ಫೋನಿನಲ್ಲಿ ದಾರಿಯುದ್ದದ ಚಾರ್ಜಿಂಗ್ ಜಾಗಗಳನ್ನು ತೋರಿಸಿದಳು. ಅಕ್ಕ ನೋಡಿ, ಇವರೆಲ್ಲ ನಮ್ಮವರಾ ಎಂದಳು. ಅಲ್ಲ ಎಂದ ಮೇಲೆ ಯಾರಿಗೂ ಅದರ ಮೇಲೆ ನಂಬಿಕೆ ಉಳಿಯಲಿಲ್ಲ. ಘಾಟಿಯ ಕೆಳಗೆ ನೆಂಟರು ಯಾರಿದ್ದಾರೆಂದು ಹುಡುಕಾಟ ಶುರುವಾಯಿತು. ಪುತ್ತೂರಿನ ಕಡೆ ತಮ್ಮ ಅಣ್ಣನ ಸೊಸೆಯ ತವರಿದೆ ಎಂದರು ಬೀಗರು. ಆದರೆ ಮದುವೆಯ ದಿನದಿಂದ ಅವರ ಜೊತೆ ಮಾತಿಲ್ಲವಂತೆ. ಚಾರ್ಜಿಗಾಗಿ ರಾಜಿಯಾಗಲು ಸಿದ್ಧ ಎಂದರು.

ಷಡ್ಡಕ ಇನ್ನೊಂದು ದಾರಿ ಹೇಳಿದ. ಅವನ ತೋಟದಲ್ಲಿ ಡೀಸೆಲ್ ಜನರೇಟರ್ ಇದೆ. ಅದನ್ನು ಟೆಂಪೋದಲ್ಲಿ ಹಾಕಿ, ಕಾರಿನ ಹಿಂದೆ ಸಮುದ್ರದವರೆಗೂ ಕಳಿಸುತ್ತಾನಂತೆ. ನನ್ನ ಹೆಂಡತಿ ಅವನನ್ನು ನೋಡಿದಳು. ಕಾಫಿ ತಣ್ಣಗಾಗುತ್ತದೆ ಎಂದು ಅವನು ಲೋಟ ಎತ್ತಿಕೊಂಡ.

ಅವಳಿಗೆ ಚಾರ್ಜಿನ ಭಯ ಇರಲಿಲ್ಲ. ವಾಸನೆ ಇಲ್ಲದಿದ್ದರೇನು, ಘಾಟಿಯ ತಿರುವಿಗೇ ಹೊಟ್ಟೆ ತೊಳಸುತ್ತದೆ ಎಂದು ಯಾರೋ ಹೇಳಿದ್ದರು. ಈ ಸಲವೂ ಸಕಲೇಶಪುರದಲ್ಲೇ ಇಳಿಯಬೇಕಾದರೆ ಮತ್ತೆ ಕೇಳುವುದಿಲ್ಲ ಎಂದಳು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ವರ್ಷ ನೋಡೋಣ ಎಂದಳು ಅಕ್ಕ.

“ಸಮುದ್ರ ಇರ್ತದೆ ಅತ್ಗೆ. ನಾನ್ ಇರ್ಬೇಕಲ್ಲ.”

ನಾನು ಬಾಯಿ ತೆರೆದೆ. ಘಾಟಿ ಇಳಿಯುವ ಮೊದಲು ಜೀವಮಾನವೆಲ್ಲ ಪ್ರಯಾಣಿಕರಿಗೆ ಹೇಳಿದ್ದನ್ನೇ ಹೇಳಿದೆ. “ಮುಂದೆ ನೋಡ್ಕೊಂಡು ಕೂತ್ಕೊ. ಕಣ್ಣು ರಸ್ತೆ ಮೇಲಿರಲಿ. ವಾಂತಿ ಅನ್ನೋದು ಹೊಟ್ಟೇಲಿಲ್ಲ, ಮನಸ್ಸಲ್ಲಿದೆ.”

ಅವಳು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಆಮೇಲೆ, “ಇದ್ನೇ ಬಸ್ನಲ್ಲೂ ಯೋಳ್ತಿದ್ರಾ?” ಎಂದಳು.

ಹೂಂ ಎಂದೆ.

“ಯಾರ್ಗಾದ್ರೂ ನಿಲ್ತಾ?”

ನನಗೆ ಬೋರ್ಡು ನೆನಪಾಯಿತು.

ಘಾಟಿ

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟೆವು. ಹೆಂಡತಿಯ ಮಡಿಲಲ್ಲಿ ಇನ್ನಷ್ಟು ನಿಂಬೆಹಣ್ಣು, ಒಂದು ಕಟ್ಟು ಪ್ಲಾಸ್ಟಿಕ್ ಕವರು. ಅವಳು ಮುಂದೆ, ನಾನು ಹಿಂದೆ.

ಸಕಲೇಶಪುರ ಬಂತು. ಮಗಳು ಗಾಡಿ ನಿಧಾನ ಮಾಡಿದಳು. ಹೆಂಡತಿ ಬಸ್ಸಿನಿಂದ ಇಳಿದಿದ್ದ ಜಾಗವನ್ನು ನೋಡಿದಳು. “ನಡಿ” ಎಂದಳು. ಊರು ದಾಟಿದ ಮೇಲೆ ಮೂಗಿನಿಂದ ಸೆರಗು ಇಳಿಯಿತು.

ಘಾಟಿ ಶುರುವಾಯಿತು. ಇಳಿಜಾರಿನಲ್ಲಿ ಚಾರ್ಜು ತಾನೇ ಏರುವುದನ್ನು ಮಗಳು ತೋರಿಸಿದಳು. ಯಾರ ಮನೆಯದೂ ಅಲ್ಲದ ಕರೆಂಟು ಎಂದು ಹೆಂಡತಿ ಸಂತೋಷಪಟ್ಟಳು. ಚಕ್ಕುಲಿ ಡಬ್ಬಿ ತೆಗೆದಳು.

ಆ ಗಾಡಿಗೆ ಒಂದು ಗುಣವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ತಾನೇ ಬ್ರೇಕು ಹಿಡಿದುಕೊಳ್ಳುತ್ತದೆ. ತಿರುವಿಗೊಮ್ಮೆ ಹಿಡಿಯುತ್ತದೆ, ಬಿಡುತ್ತದೆ. ಆ ಘಾಟಿಯ ಒಂದೊಂದು ತಿರುವೂ ನನಗೆ ಗೊತ್ತು. ಆದರೆ ಸ್ಟೇರಿಂಗ್ ಹಿಡಿದು ಗೊತ್ತು. ಹಿಂದಿನ ಸೀಟಿನಲ್ಲಿ ಕೂತು ಗೊತ್ತಿಲ್ಲ. ಎಡಗಾಲು ಇಲ್ಲದ ಕ್ಲಚ್ಚು ತುಳಿಯಿತು. ಬಲಗಾಲು ಇಲ್ಲದ ಬ್ರೇಕು ತುಳಿಯಿತು. ನನ್ನ ಕಣ್ಣಿನ ಮುಂದೆ ರಸ್ತೆ ಇರಲಿಲ್ಲ. ಸೀಟಿನ ಬೆನ್ನು ಇತ್ತು.

ಬಾಯಲ್ಲಿ ನೀರೂರಿತು.

ಅಮ್ಮ ಹೇಗಿದ್ದೀಯ ಎಂದು ಮಗಳು ಕೇಳಿದಳು. ಚಕ್ಕುಲಿ ಕಡಿಯುವ ಸದ್ದು ಬಂತು. ಅಪ್ಪ ಹೇಗಿದ್ದೀಯ ಎಂದಳು. ನಾನು ಮಾತಾಡಲಿಲ್ಲ. ಮಾತಾಡುವ ಸ್ಥಿತಿ ಇರಲಿಲ್ಲ. ಆದರೆ ನಾನು ಎಂದೂ ಮಾತಾಡುವವನಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಇನ್ನೂ ಕೆಲವು ತಿರುವು ಕಳೆದವು.

“ನಿಲ್ಸು” ಎಂದೆ.

ರಸ್ತೆಯ ಪಕ್ಕದಲ್ಲಿ ಬಗ್ಗಿದೆ. ಘಾಟಿ ಹತ್ತುತ್ತಿದ್ದ ಬಸ್ಸೊಂದು ನಮ್ಮ ಪಕ್ಕದಲ್ಲೇ ನಿಧಾನವಾಯಿತು. ಕಿಟಕಿಗೊಂದು ತಲೆ. ಹೆಂಡತಿ ಇಳಿದು ಬಂದಳು. ಬಾಯಿ ತೊಳೆಯಲು ನೀರು ಕೊಟ್ಟಳು. ನಿಂಬೆಹಣ್ಣು ಮೂಗಿಗೆ ಹಿಡಿದಳು. ಬೆನ್ನು ನೀವುತ್ತಾ ಸಮಾಧಾನವಾಗಿ ಹೇಳಿದಳು:

“ಏನೂ ಆಗಾಕಿಲ್ಲ. ಅದು ಒಟ್ಟೇಲಿಲ್ಲ, ಮನಸ್ಸಲ್ಲಿ ಅದೆ.”

ಮತ್ತೆ ಬಗ್ಗಿದೆ. ಮನಸ್ಸಲ್ಲಿದ್ದುದೆಲ್ಲ ಹೊರಗೆ ಬಂತು.

ಸಾಯಂಕಾಲ ಕಡಲು ಸಿಕ್ಕಿತು. ಅವಳು ಸೀರೆ ಎತ್ತಿಕೊಂಡು ಮೊಣಕಾಲುದ್ದ ನೀರಿನಲ್ಲಿ ಬಹಳ ಹೊತ್ತು ನಿಂತಳು. ನಾನು ಮರಳಿನ ಮೇಲೆ ನಿಂಬೆಹಣ್ಣು ಮೂಸುತ್ತಾ ಕೂತಿದ್ದೆ. ನೆಂಟರ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಉಳಿದ ಚಕ್ಕುಲಿ ಮುರಿದು ಮೀನುಗಳಿಗೆ ಹಾಕಿದಳಂತೆ. ವಾಪಸು ಬಂದಾಗ ಮುಖ ಉಪ್ಪುನೀರಿನಿಂದ ಒದ್ದೆಯಾಗಿತ್ತು. ಅಲೆಯ ನೀರು ಹಾರಿತು ಎಂದಳು. ಯಾಕೆಂದು ನಾನು ಕೇಳಿರಲಿಲ್ಲ.

ಕಾರಿನ ಹತ್ತಿರ ಬಂದೆವು. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಅವಳು ನನ್ನ ಕೈ ಸರಿಸಿ, ಮುಂದಿನ ಬಾಗಿಲು ತೆರೆದು ನಿಂತಳು.

“ಬನ್ನಿ, ಇಲ್ ಕೂತ್ಕಳಿ. ವಾಂತಿ ಮಾಡೋರ್ಗೆ ಮುಂದಿನ್ ಸೀಟು ಅಂತ ನಮ್ಮನೆ ಡ್ರೈವರ್ರು ಯೋಳವ್ರೆ.”