ಬೋರ್ಡು ಸುಳ್ಳು ಹೇಳುವುದಿಲ್ಲ

ಎಲ್ಲಕ್ಕೂ ಮೂಲ ಒಂದು ಫ್ಯಾನು. ಬೆಳಿಗ್ಗೆ ಹತ್ತಕ್ಕೇ ಸೆಖೆ ಎಂದು ಸೂಪರ್‌ವೈಸರ್ ಅದರ ಗುಂಡಿ ಒತ್ತಿ, ಹಲಗೆ ಅಳೆಯಲು ಗೋದಾಮಿಗೆ ಹೋದರು. ಫ್ಯಾನಿನ ಎದುರಿಗೇ ಅವರ ಬೋರ್ಡು ಇತ್ತು.

ಆ ಬೋರ್ಡಿನ ಕತೆ ಹೇಳಲೇಬೇಕು. ಮರದ ಸಾಮಾನು ಮಾಡುವ ಆ ಕಾರ್ಖಾನೆಯ ಯಜಮಾನರು ಹೋದ ವಾರ ಅವರನ್ನು 'ಯೋಜನೆಗಳ ಸಮರ್ಥ ನಿರ್ವಹಣೆ' ಎಂಬ ಎರಡು ದಿನದ ತರಬೇತಿಗೆ ಕಳಿಸಿದ್ದರು. ಹೋಗುವಾಗ ನಮ್ಮ ನಿಮ್ಮಂತೆಯೇ ಇದ್ದ ಮನುಷ್ಯ, ಬರುವಾಗ ಬಣ್ಣದ ಚೀಟಿಗಳ ಕಟ್ಟು ಹಿಡಿದು ಬಂದರು. ಬೋರ್ಡಿನಲ್ಲಿ ಮೂರು ಕಾಲಂ: ಮಾಡಬೇಕು, ಮಾಡುತ್ತಿದ್ದೇವೆ, ಮುಗಿದಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. 'ಮುಗಿದಿದೆ'ಗೆ ಬಂದ ಚೀಟಿಗೆ ಯಜಮಾನರ ಸಹಿ ಬಿತ್ತೆಂದರೆ ಮತ್ತೆ ಆ ಮಾತು ಎತ್ತುವಂತಿಲ್ಲ. "ಬಾಯಿ ಸುಳ್ಳು ಹೇಳಬಹುದು ಸಾರ್, ಬೋರ್ಡು ಹೇಳಲ್ಲ" ಎಂದು ಸೂಪರ್‌ವೈಸರ್ ಎಲ್ಲರೆದುರು ಎದೆ ತಟ್ಟಿಕೊಂಡಿದ್ದರು. ಅಂದಿನಿಂದ ಬಡಗಿಗಳ ಬಾಯಲ್ಲಿ ಅವರು ಚೀಟಿ ಸಾಹೇಬ್ರು.

ಫ್ಯಾನು ಹಾಕಿದ ದಿನ ಸಂಜೆ ಐದಕ್ಕೆ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿಗೆ ಮರದ ಕೌಂಟರ್ ಹೋಗಬೇಕಿತ್ತು. ಹೋದರೆ ಸಾಹೇಬರಿಗೆ ಮರುದಿನದಿಂದ ಮೂರು ದಿನ ರಜೆ. ನಾಲ್ಕು ವರ್ಷದಿಂದ ಮುಂದೂಡುತ್ತ ಬಂದ ಸಮುದ್ರದ ಪ್ರವಾಸ. ಹೆಂಡತಿ ಆಗಲೇ ಪೆಟ್ಟಿಗೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಉತ್ಸಾಹದಲ್ಲಿ ಸಾಹೇಬರು ಅದಕ್ಕೂ ಒಂದು ಹಳದಿ ಚೀಟಿ ಬರೆದು 'ಮಾಡಬೇಕು' ಕೆಳಗೆ ಅಂಟಿಸಿದ್ದರು: 'ನನ್ನ ರಜೆ, ಮೂರು ದಿನ.'

ಫ್ಯಾನು ತಿರುಗಿತು, ಚೀಟಿಗಳೆಲ್ಲ ನೆಲಕ್ಕೆ ಬಿದ್ದವು. ಕಸ ಗುಡಿಸುವ ಅಕ್ಕ ಪಾಪ ಒಂದನ್ನೂ ಬಿಡದೆ ಆರಿಸಿ, ಮತ್ತೆ ಹಾರದಿರಲಿ ಎಂದು ಗಾಳಿ ತಾಗದ ಕೊನೆಯ ಕಾಲಂನಲ್ಲಿ ನೀಟಾಗಿ ಅಂಟಿಸಿದಳು. ಕೊನೆಯ ಕಾಲಂ 'ಮುಗಿದಿದೆ'.

ಸಾಹೇಬರು ಹನ್ನೆರಡಕ್ಕೆ ಮರಳಿದಾಗ ಯಜಮಾನರು ಅಷ್ಟೂ ಚೀಟಿಗಳಿಗೆ ಸಹಿ ಹಾಕಿ ಮುಗಿಸಿ, ಫೋನಿನಲ್ಲಿದ್ದರು. "ಡಾಕ್ಟ್ರೇ, ಎಲ್ಲಾ ರೆಡಿ. ಎರಡು ಗಂಟೆಗೇ ಲಾರಿ ಕಳಿಸ್ತೀನಿ!"

"ಸಾರ್, ಪಾಲಿಶ್ ಇನ್ನೂ..."

"ಯಾಕ್ರೀ, ಬೋರ್ಡು ಸುಳ್ಳು ಹೇಳುತ್ತಾ?"

"ಇಲ್ಲ ಸಾರ್."

ಯಜಮಾನರು ಆಫೀಸು ಕೋಣೆ ಸೇರಿದ್ದೇ ತಡ, ಸಾಹೇಬರು ಹಿರಿಯ ಬಡಗಿಯ ಬಳಿಗೆ ಓಡಿದರು.

"ಪಾಲಿಶ್ ಆರೋಕೇ ಮೂರು ತಾಸು ಬೇಕು. ಒಂದು ಚೀಟಿ ಬರೀರಿ ಸಾಹೇಬ್ರೇ, ಬೇಗ ಆರಿದ್ರೂ ಆರೀತು" ಎಂದ ಬಡಗಿ. ಹಾಗೆಂದರೂ ಬ್ರಷ್ಷು ಎತ್ತಿಕೊಂಡ. ಒಳ್ಳೆಯ ಮನುಷ್ಯ.

ಗದ್ದಲ ಕೇಳಿ ಪಕ್ಕದ ಸೆಲೂನಿನವನು ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಂದ. ಕೌಂಟರಿನ ಮುಂದೆ ನಿಂತು, "ಬೈತಲೆ ಎಡಕ್ಕೋ ಬಲಕ್ಕೋ?" ಎಂದು ಕೇಳಿದ. ಅವನ ಹಿಂದೆಯೇ ಒಂದೇ ಕೆನ್ನೆ ಬೋಳಿಸಿಕೊಂಡಿದ್ದ ಗಿರಾಕಿ, ಇನ್ನೊಂದು ಕೆನ್ನೆಯ ನೊರೆ ಒರೆಸಿಕೊಳ್ಳದೆಯೇ ಬಂದು ಕೌಂಟರಿನ ಡ್ರಾಯರಿಗೆ ಹಿಡಿ ಕೂರಿಸತೊಡಗಿದ. ತಲೆಕೆಳಗಾಗಿ ಕೂರಿಸಿದ, ಬಿಚ್ಚಿದ, ಮತ್ತೆ ಕೂರಿಸಿದ. ಸಾಹೇಬರು ಎರಡೂ ಕೈಯಲ್ಲಿ ರಟ್ಟು ಹಿಡಿದು ಗಾಳಿ ಬೀಸಿದರು. ಎರಡಕ್ಕೆ ಸರಿಯಾಗಿ ಲಾರಿ ಹೊರಟಿತು, ಕೌಂಟರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಸಾಹೇಬರಿಗೆ ಅಳುವಷ್ಟು ಸಂತೋಷವಾಯಿತು.

"ಭೇಷ್!" ಎಂದು ಯಜಮಾನರು ಬೆನ್ನು ತಟ್ಟಿದರು. "ನಾಳೆಯಿಂದ ಸ್ಕೂಲಿನ ಬೆಂಚುಗಳ ಕೆಲಸ. ನೀವೇ ನೋಡ್ಕೊಳ್ಳಿ."

"ನಾಳೆ ನನ್ನ ರಜೆ ಸಾರ್."

ಯಜಮಾನರು ಬೋರ್ಡಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. "ಅದು ಮುಗಿದಿದೆಯಲ್ರೀ! ನನ್ನ ಸಹೀನೂ ಇದೆ. ನೀವು ಹೋಗಿ ಬಂದದ್ದೇ ಗೊತ್ತಾಗ್ಲಿಲ್ಲ ನೋಡಿ!"

ಹಿರಿಯ ಬಡಗಿ ಕೆಮ್ಮಿದ. ಬೋರ್ಡು ಸುಳ್ಳು ಎಂದರೆ ಬೆಳಗಿನ ಬಂಡವಾಳವೆಲ್ಲ ಬಯಲಾಗುತ್ತದೆ. ಸಾಹೇಬರು ಹಳದಿ ಚೀಟಿ ಕಿತ್ತು ಜೇಬಿಗಿಟ್ಟುಕೊಂಡರು.

ಸಂಜೆ ಮನೆಗೆ ಹೋಗಿ ಆ ಚೀಟಿಯನ್ನು ಹೆಂಡತಿಯ ಕೈಗಿಟ್ಟು, ನಡೆದದ್ದನ್ನೆಲ್ಲ ಹೇಳಿದರು. ಸಿಡಿಯುತ್ತಾಳೆ ಎಂದು ಕಾದರು. ಅವಳು ಸಹಿಯನ್ನು ನೋಡಿ, ಬಾಗಿಲ ಬಳಿಯ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಹೋಗಿ ಬಂದಾಯ್ತಲ್ಲ, ಹೇಳಿ ಮತ್ತೆ. ಸಮುದ್ರ ಹೇಗಿತ್ತು?"

ಸಾಹೇಬರು ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತರು.

"ಚೆನ್ನಾಗಿತ್ತು ಕಣೇ. ಗಾಳಿ ಮಾತ್ರ ಸ್ವಲ್ಪ ಜಾಸ್ತಿ."